ತಾತನ ಮಂಚ, ದೊಡ್ಡಪ್ಪನ ಅಂಬಾಸಿಡರ್

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಂತೆಮರಹಳ್ಳಿಯ ನಮ್ಮ ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾಯಿತು. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಕೈಯಾಡಿಸುವವರಿಲ್ಲದೆ ಎರಡು ಮಳೆಗಾಲ ಸೋರಿ ತೊಲೆಗಳಿಗೆ ಗೆದ್ದಲು ಹತ್ತಿತ್ತು. ಹಳೇ ಮರ ಕೊಳ್ಳುವವರು ಬಂದರು. ಬಾಗಿಲು, ಕಂಬ, ಅಟ್ಟದ ಹಲಗೆ ಎಲ್ಲವನ್ನೂ ಅಳೆದು, ಒಂದು ರೇಟು ಹೇಳಿ, ಲಾರಿಗೆ ತುಂಬತೊಡಗಿದರು. ಕೊನೆಗೆ ಉಳಿದದ್ದು ನಡುಕೋಣೆಯ ಮಂಚ. ಅದು ಬಾಗಿಲಲ್ಲಿ ತೂರಲಿಲ್ಲ. ಉದ್ದಕ್ಕೆ ಹಿಡಿದರು, ಮಗ್ಗುಲಾಗಿ ಹಿಡಿದರು, ನಿಲ್ಲಿಸಿ ತಿರುಗಿಸಿದರು, ಆಗಲಿಲ್ಲ. ಹುಡುಗನೊಬ್ಬ ಲಾರಿಯಿಂದ ಕರೆಂಟಿನ ಗರಗಸ ತಂದ. ನಾನು ಅಲ್ಲೇ ನಿಂತಿದ್ದೆ. ಬೇಡ ಅನ್ನೋಣವೆಂದರೆ ಬೇರೆ ದಾರಿಯೇನೆಂಬುದು ನನಗೂ ಗೊತ್ತಿರಲಿಲ್ಲ. ಅರ್ಧ ನಿಮಿಷದಲ್ಲಿ ಒಂದು ಮಗ್ಗುಲಿನ ಪಟ್ಟಿ ತುಂಡಾಗಿ ಬಿತ್ತು. ಎಂಬತ್ತು ವರ್ಷದ ಮರದ ಒಳಗಿಂದ ಜೇನಿನ ಬಣ್ಣದ ಪುಡಿ ಉದುರಿ, ಆಗತಾನೇ ಕಡಿದ ಮರದಂತೆ ತೇಗದ ವಾಸನೆ ಕೋಣೆಯೆಲ್ಲ ತುಂಬಿಕೊಂಡಿತು.

ಆ ಸದ್ದಿಗೆ ಪಕ್ಕದ ತಮ್ಮನ ಮನೆಯಲ್ಲಿದ್ದ ಅವ್ವ ಕೋಲೂರಿಕೊಂಡು ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. “ಅಯ್ಯೋ, ಯಾಕ ಕುಯ್ದ್ರಿ ಕೂಸು? ಬೆಣ ಕಿತ್ರ ತಾನೇ ಬುಟ್ಕತ್ತದಲ್ಲಾ” ಎಂದಳು. ಕೋಲಿನ ತುದಿಯಿಂದ ಮಂಚದ ಕಾಲಿನ ಒಳಮಗ್ಗುಲು ತೋರಿಸಿದಳು. ಅಲ್ಲಿ, ಎಣ್ಣೆ, ಧೂಳು, ವಾರ್ನಿಷು ಎಲ್ಲ ಸೇರಿ ಮುಚ್ಚಿಹೋಗಿದ್ದ ಕಡೆ, ಹೆಬ್ಬೆರಳಗಲದ ಒಂದು ಮರದ ಬೆಣೆ ಇತ್ತು. ಕಾಲಿಗೊಂದರಂತೆ ನಾಲ್ಕು. ಹುಡುಗ ಕಲ್ಲು ತಂದು ಕೆಳಗಿಂದ ಎರಡು ಪೆಟ್ಟು ಕೊಟ್ಟ. ಬೆಣೆ ಮೇಲೆದ್ದು ಬಂತು. ಉಳಿದ ಮಗ್ಗುಲು ಒಂದು ಮೊಳೆಯ ಹಂಗೂ ಇಲ್ಲದೆ, ಬಳೆ ಕಳಚಿದ ಹಾಗೆ ಕಳಚಿಕೊಂಡಿತು. “ಒಂದ್ ಮಾತ್ ನನ್ನ ಕೇಳಿದ್ರ ಯೋಳ್ತಿರ್ನಿಲ್ವಾ” ಎಂದಳು ಅವ್ವ. ಮತ್ತೇನೂ ಅನ್ನಲಿಲ್ಲ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತಳು.

ಅಂದಿನಿಂದ ನನ್ನ ತಲೆಯಲ್ಲಿ ಆ ಮನೆಯ ಸಾಮಾನುಗಳೇ ಓಡಾಡುತ್ತಿವೆ. ದೇವನೂರ ಮಹಾದೇವರ ‘ಕುಸುಮಬಾಲೆ’ ನಮ್ಮ ಸೀಮೆಯ ಮಾತಿನಲ್ಲೇ ಹುಟ್ಟಿದ ಪುಸ್ತಕ. ಅದರಲ್ಲಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುತ್ತವೆ. ನಮ್ಮ ಮಂಚಕ್ಕೂ ಮಾತು ಬಂದಿದ್ದರೆ ಅದು ಏನೇನು ಹೇಳುತ್ತಿತ್ತೋ.

ಆ ಮಂಚ ತಾತನ ಮದುವೆಗೆ ಮಾಡಿದ್ದು. ಅಂಗಡಿಯಿಂದ ತಂದದ್ದಲ್ಲ, ಮನೆಯಲ್ಲೇ ಹುಟ್ಟಿ ಕೋಣೆಯೊಳಗೇ ಜೋಡಿಸಿಕೊಂಡದ್ದು. ಅದಕ್ಕೇ ಬಾಗಿಲಿಗೂ ಅದರ ಅಳತೆಗೂ ಸಂಬಂಧವಿರಲಿಲ್ಲ. ಊರಿನ ಆಚಾರ್ರು ಬಾಚಿ, ಉಳಿ, ತೋಪಡ, ಬೈರಿಗೆ ಹೊತ್ತು ಬಂದು ಜಗಲಿಯ ಮೇಲೆ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದ್ದರಂತೆ. ಕಾಲುಗಳನ್ನು ಕಡೆದು ಬುಗುರಿಯ ಹಾಗೆ ಮೂರು ಸುತ್ತು ಬಳೆ ತೆಗೆದರಂತೆ. ತಲೆದಿಂಬಿನ ಕಡೆಯ ಹಲಗೆಗೆ ಎರಡು ಗಿಳಿ, ನಡುವೆ ಒಂದು ಮಾವಿನಕಾಯಿ. ಕೂಲಿ ಎಂದು ದುಡ್ಡು ಕೊಟ್ಟದ್ದು ಕಡಿಮೆ. ಸುಗ್ಗಿಯಲ್ಲಿ ಕಣಕ್ಕೆ ಬಂದಾಗ ರಾಗಿ, ಭತ್ತ ಅಳೆದುಕೊಡುವುದು, ಅವರು ನಮ್ಮ ನೇಗಿಲು, ಕುಂಟೆ, ಗಾಡಿಯ ಅಚ್ಚು ನೋಡಿಕೊಳ್ಳುವುದು. ಹೀಗಾಗಿ ಮಂಚ ಮುರಿದರೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಮಾಡಿದವರು ಮೂರು ಮನೆ ಆಚೆ ಇದ್ದರು. ಗಿಳಿಯ ಕೊಕ್ಕು ನಾನು ಆರು ವರ್ಷದವನಿದ್ದಾಗ ಮುರಿದುಹೋಗಿತ್ತು. ಅವರೇ ಬಂದು ಹೊಸ ಕೊಕ್ಕು ಕೂರಿಸಿ ಹೋದರು. ಹೊಸ ಕೊಕ್ಕು ಸ್ವಲ್ಪ ಬೆಳ್ಳಗಿತ್ತು. ಕೊನೆಯವರೆಗೂ ಬೆಳ್ಳಗೇ ಇತ್ತು.

ಮನೆಯಲ್ಲಿ ಸಾಮಾನು ಬಹಳವೇನೂ ಇರಲಿಲ್ಲ. ಈಗ ಲೆಕ್ಕ ಹಾಕಿದರೆ ಒಂದು ಕೈಯ ಬೆರಳುಗಳು ಸಾಕು. ಮಂಚ, ತಾತನ ಆರಾಮ ಕುರ್ಚಿ, ಜಗಲಿಯ ಬೆಂಚು, ಅಜ್ಜಿಯ ಮರದ ಪೆಟ್ಟಿಗೆ, ಆಮೇಲೆ ಅವ್ವನ ತವರಿನಿಂದ ಬಂದ ಕಬ್ಬಿಣದ ಬೀರು. ಯಾವ ಕಂಪನಿಯದಾದರೂ ಸರಿ, ನಮ್ಮಲ್ಲಿ ಅದಕ್ಕೆ ‘ಗಾಡ್ರೇಜು’ ಎಂದೇ ಹೆಸರು. ಉಳಿದದ್ದೆಲ್ಲ ಗೋಡೆಯೊಳಗೇ ಇತ್ತು: ದೀಪಕ್ಕೊಂದು ಗೂಡು, ಪಂಚಾಂಗಕ್ಕೊಂದು ಗೂಡು, ಮೇಲೆ ಉದ್ದಕ್ಕೂ ನಾಗಂದಿಗೆ. ನಾಗಂದಿಗೆಯ ಮೇಲೆ ಹಿತ್ತಾಳೆ ಪಾತ್ರೆ, ಉಪ್ಪಿನಕಾಯಿ ಜಾಡಿ, ಹಬ್ಬಕ್ಕೆಂದು ಇಟ್ಟ ಬೆಲ್ಲ. ಹುಡುಗರ ಕೈಗೆ ಎಟುಕದ ಎತ್ತರ ಅದು. ನನ್ನ ಕೈ ನಾಗಂದಿಗೆಗೆ ಎಟುಕಿದ ದಿನ ಅಜ್ಜಿ ನಕ್ಕು, “ದೊಡ್ಡವನಾದ ಕನವ್ವ ಇವ” ಎಂದು ಅವ್ವನಿಗೆ ಕೂಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಈಗಿನ ಮನೆಗಳಲ್ಲಿ ಗೋಡೆ ತುಂಬ ವಾರ್ಡ್‌ರೋಬು. ಬಾಗಿಲು ಮುಚ್ಚಿದರೆ ಒಳಗೆ ಏನಿದೆ ಎಂದು ಮನೆಯವರಿಗೇ ನೆನಪಿರುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಒಂದು ಬೆಳ್ಳಿಯ ಕುಂಕುಮದ ಭರಣಿ, ತಾತನ ಕೋಟು, ಮಧ್ಯೆ ಮಧ್ಯೆ ಲಾವಂಚದ ಬೇರು. ಅಷ್ಟೂ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಇಷ್ಟು ಕಡಿಮೆ ಸಾಮಾನಿನ ಮನೆ ವರ್ಷಕ್ಕೆ ನಾಲ್ಕೈದು ಸಲ ತನ್ನ ಜಾಗವನ್ನೆಲ್ಲ ಹುಳಕ್ಕೆ ಬಿಟ್ಟುಕೊಡುತ್ತಿತ್ತು. ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ರೇಷ್ಮೆಯ ಸೀಮೆ. ನೂರು ಮೊಟ್ಟೆ ಚಾಕಿ ಕಟ್ಟಿ ಮರಿಹುಳ ಸಾಕಲು ಕೂತರೆಂದರೆ ಮುಂದಿನ ಇಪ್ಪತ್ತೈದು ಮೂವತ್ತು ದಿನ ಮನೆ ನಮ್ಮದಲ್ಲ. ಪಡಸಾಲೆಯಲ್ಲಿ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಸಾಲುಸಾಲು ಬಿದಿರ ತಟ್ಟೆ, ಇರುವೆ ಹತ್ತದಂತೆ ಪ್ರತಿ ಕಾಲಿಗೂ ನೀರಿನ ಬಟ್ಟಲು. ಮಂಚದ ಮೇಲೂ ತಟ್ಟೆ. ತಾತ ಕಂಬಳಿ ಹೊತ್ತು ಜಗಲಿಗೆ ಹೋಗುತ್ತಿದ್ದರು, ನಾವೆಲ್ಲ ಅವರ ಹಿಂದೆ. ಹುಳ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದ ಮೇಲೆ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ, ರಾತ್ರಿಯೆಲ್ಲ ಕೇಳಿಸುತ್ತಿತ್ತು. ನಾನು ಎಷ್ಟೋ ಸಲ ಮಳೆ ಬಂತೆಂದು ಎದ್ದು ಕೂತಿದ್ದೇನೆ.

ಹುಳ ಹಣ್ಣಾದ ದಿನ ಚಂದ್ರಂಕಿಗಳು ಇಳಿಯುತ್ತಿದ್ದವು. ಆಳೆತ್ತರದ ಬಿದಿರ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರ ಪಟ್ಟಿ. ಮೇದರ ಕೈಯಿಂದ ಬಂದ ಆ ಚಂದ್ರಂಕಿಯನ್ನು ನೋಡಿದರೆ ಇವತ್ತಿಗೂ ನನಗೆ ಅದೊಂದು ಕೃಷಿ ಸಾಮಗ್ರಿ ಅನ್ನಿಸುವುದಿಲ್ಲ, ಯಾರೋ ಕೂತು ಬಿಡಿಸಿದ ರಂಗೋಲಿ ಅನ್ನಿಸುತ್ತದೆ. ಬೀದಿಯುದ್ದಕ್ಕೂ ಪ್ರತಿ ಮನೆಯ ಗೋಡೆಗೂ ಚಂದ್ರಂಕಿ ಒರಗಿಸಿಟ್ಟರೆ ಊರಿಗೆ ಊರೇ ತೇರಿಗೆ ಸಿಂಗರಿಸಿದಂತೆ ಇರುತ್ತಿತ್ತು. ಎರಡು ಮೂರು ದಿನದಲ್ಲಿ ಆ ಸುರುಳಿಗಳ ತುಂಬ ತೆಳು ಹಳದಿ ಗೂಡು. ಗೂಡು ಮಾರಿ ಬಂದ ಸಂಜೆ ಅಪ್ಪನ ಕೈಯಲ್ಲಿ ಬೂಂದಿ ಪೊಟ್ಟಣ ಇದ್ದರೆ ರೇಟು ಸಿಕ್ಕಿದೆ ಎಂದು ಅರ್ಥ. ಇಲ್ಲದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

1980ರಲ್ಲಿ ಬಂಗಾಳದ ಕಡೆಯಿಂದ ರೇಷ್ಮೆ ಹುಳಕ್ಕೆ ಕಂಟಕವಾದ ಊಜಿ ನೊಣ ರಾಜ್ಯಕ್ಕೆ ಕಾಲಿಟ್ಟಿತು. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಂತು. ಆಮೇಲೆ ಹುಳಕ್ಕೆಂದೇ ಬೇರೆ ಮನೆ ಕಟ್ಟುವ ಪದ್ಧತಿ ಬಂತು, ರೆಂಬೆ ಸಮೇತ ಸೊಪ್ಪು ಹಾಕುವ ಕ್ರಮ ಬಂತು, ಚಂದ್ರಂಕಿಯ ಬದಲು ಪ್ಲಾಸ್ಟಿಕ್ಕಿನ ನೇತ್ರಿಕೆ ಬಂತು. ಒಳ್ಳೆಯದೇ ಆಯಿತು. ಐದು ಹೊತ್ತು ಸೊಪ್ಪು ಹೆಚ್ಚಿ ಹಾಕಿ, ತಟ್ಟೆ ಇಳಿಸಿ ಹತ್ತಿಸಿ ಅವ್ವನ ಸೊಂಟ ಬಿದ್ದುಹೋಗಿತ್ತು. ಆ ನೋವಿನ ಮುಂದೆ ನನ್ನ ಈ ಹಂಬಲ ದೊಡ್ಡದಲ್ಲ. ಆದರೂ ಹುಳದ ಜೊತೆ ಮಲಗಿ ಎದ್ದ ಮನೆಗೂ, ಹುಳವನ್ನು ಶೆಡ್ಡಿಗೆ ಕಳಿಸಿದ ಮನೆಗೂ ಎಲ್ಲೋ ಒಂದು ವ್ಯತ್ಯಾಸ ಉಳಿದೇ ಉಳಿಯಿತು. ಈಗಿನ ನಮ್ಮ ಮಕ್ಕಳು ರೇಷ್ಮೆ ಅಂದರೆ ಸೀರೆ ಅಂಗಡಿ ಎಂದು ತಿಳಿದಿದ್ದಾರೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಮೊದಲ ಗಾಡಿಗೆ ಎರಡು ಎತ್ತು. ಗೊಬ್ಬರ ಹೊಡೆಯುವ ಗಾಡಿಗೇ ಜಾತ್ರೆ ಬಂತೆಂದರೆ ಬಿದಿರ ಕಮಾನು ಕಟ್ಟಿ, ಚಾಪೆ ಹೊದಿಸಿ, ಒಳಗೆ ಮೊಣಕಾಲುದ್ದ ಹುಲ್ಲು ಹಾಸಿ, ಮೇಲೆ ಜಮಖಾನ ಬಿಡಿಸಿದರೆ ಅದೇ ಕಮಾನು ಗಾಡಿ. ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಸರಿಯಾಗಿದೆಯೇ ಎಂದು ನೋಡುವುದು ತಾತನ ಕೆಲಸ, ಬೇರೆ ಯಾರೂ ಮುಟ್ಟುವಂತಿಲ್ಲ. ಚಿಕ್ಕಲ್ಲೂರಿಗೆ, ಮುಡುಕುತೊರೆಗೆ, ಮೂಗೂರಿನ ತ್ರಿಪುರಸುಂದರಮ್ಮನ ಜಾತ್ರೆಗೆ ಹೋಗುತ್ತಿದ್ದದ್ದು ಹೀಗೆ. ಬೆಳಗಿನ ಜಾವ ಹೊರಟರೆ ಮುಖ ಹಿಂದಕ್ಕೆ ಮಾಡಿ ಕೂತ ನಮಗೆ ಕಾಣುತ್ತಿದ್ದದ್ದು ಮುಂದಿನ ದಾರಿಯಲ್ಲ, ಬಿಟ್ಟು ಬಂದ ದಾರಿ. ಊರು ಸಣ್ಣದಾಗುತ್ತಾ, ಗುಡಿಯ ಗೋಪುರ ಮಾತ್ರ ಉಳಿದು, ಅದೂ ಮಂಜಿನಲ್ಲಿ ಕರಗಿ, ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟ ನೀಲಿಯಾಗಿ ಏಳುವುದು. ದಾರಿಯಲ್ಲಿ ಎಲ್ಲಿ ಬಾವಿ ಇದೆ, ಎಲ್ಲಿ ಹುಣಸೆ ಮರದ ನೆರಳಿದೆ ಎಂಬುದು ಎತ್ತಿಗೂ ಗೊತ್ತಿತ್ತು. ತಾನೇ ನಿಲ್ಲುತ್ತಿತ್ತು.

ಆಷಾಢದಲ್ಲಿ ಚಾಮರಾಜೇಶ್ವರನ ತೇರು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುವ ತೇರು ಅದು. ಅವ್ವ ಮದುವೆಯಾಗಿ ಬಂದ ವರ್ಷ ಅಪ್ಪನ ಜೊತೆ ಅದೇ ಗಾಡಿಯಲ್ಲಿ ಚಾಮರಾಜನಗರಕ್ಕೆ ಹೋಗಿದ್ದಳಂತೆ. ಹಿಂದೆ ಅತ್ತೆ ಮಾವ, ಮುಂದೆ ಮೈದುನ. ಇಬ್ಬರೂ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲವಂತೆ. 2017ರಲ್ಲಿ ಆ ತೇರು ಬೆಂಕಿಗೆ ಸಿಕ್ಕಿ, ಹೊಸ ತೇರಾಗಿ 2022ರಲ್ಲಿ ಮತ್ತೆ ಎಳೆದರು ಎಂದಾಗ ಅವ್ವ ಕೇಳಿದ್ದು ಒಂದೇ: “ಗಾಡಿ ಕಟ್ಕಂಡ್ ಬಂದವ್ರು ಯಾರಾರ ಇದ್ರಾ?” ಇರಲಿಲ್ಲ ಎಂದೆ.

ಗಾಡಿಯ ನಂತರ ಅಪ್ಪನ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಬೈಕು ಅಂದರೆ ನಮಗೆ ಅದು ಮನೆಯ ಬೈಕು, ಪರದೇಶದ್ದಲ್ಲ. ಒಂದೇ ಲಿವರಿನಲ್ಲಿ ಕಿಕ್ಕೂ ಹೊಡೆಯಬೇಕು, ಅದನ್ನೇ ಮುಂದಕ್ಕೆ ಮಡಚಿ ಗೇರೂ ಹಾಕಬೇಕು. ಎರಡು ಸೈಲೆನ್ಸರು. ಬೈಕು ಬರುತ್ತಿದೆ ಎಂದು ಒಂದು ಮೈಲಿ ಆಚೆಯಿಂದಲೇ ಗೊತ್ತಾಗಿ ಅವ್ವ ಕಾಫಿಗೆ ನೀರಿಡುತ್ತಿದ್ದಳು. ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ಹಿಂದೆ ತಂಗಿಯನ್ನು ತೊಡೆಯ ಮೇಲಿಟ್ಟುಕೊಂಡ ಅವ್ವ, ನಡುವೆ ತಮ್ಮ. ಇವತ್ತು ಹಾಗೆ ಯಾರಾದರೂ ಹೋದರೆ ನಾನೇ ನಿಲ್ಲಿಸಿ ಬೈಯುತ್ತೇನೆ. ಆದರೆ ಆ ಟ್ಯಾಂಕಿನ ಬಿಸುಪು, ಹಿಂದಿನಿಂದ ಅಪ್ಪನ ಎದೆ ತಾಕುತ್ತಿದ್ದದ್ದು ಮರೆಯುವುದಿಲ್ಲ. ಅಪ್ಪ ನನ್ನನ್ನು ಅಪ್ಪಿಕೊಂಡದ್ದು ನೆನಪಿಲ್ಲ, ಆ ಕಾಲದ ಅಪ್ಪಂದಿರು ಅಪ್ಪಿಕೊಳ್ಳುತ್ತಿರಲಿಲ್ಲ. ಅವರ ಎರಡು ತೋಳುಗಳ ನಡುವೆ ನಾನು ಕೂತದ್ದು ಆ ಬೈಕಿನ ಮೇಲೆ ಮಾತ್ರ. ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇನ್ನು ಅಂಬಾಸಿಡರ್. ದೊಡ್ಡಪ್ಪ ಅದನ್ನು ಮೈಸೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಎರಡು ಬೆಳೆ ಗೂಡು ಕೈಹಿಡಿದಿದ್ದ ವರ್ಷ ಅದು. ಕಾರು ಮನೆಯ ಮುಂದೆ ನಿಂತಾಗ ಅಜ್ಜಿ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಎತ್ತಿನ ಹಣೆಗೆ ಹಚ್ಚುವ ಹಾಗೆ ಮೂರು ಬೆರಳು ವಿಭೂತಿ ಹಚ್ಚಿದಳು. ಆಮೇಲೆ ಅದರ ಮೈ ಸವರಿದಳು. ಅವಳ ಪಾಲಿಗೆ ಅದು ಕಟ್ಟಿ ಮೇಯಿಸುವ ಜೀವವೇ.

ಬೆಣ್ಣೆ ಬಣ್ಣದ ಕಾರು. ಮುಂದಿನ ಸೀಟು ಒಂದೇ ಉದ್ದ ಬೆಂಚು, ಥೇಟು ನಮ್ಮ ಜಗಲಿಯದೇ. ಗೇರು ಸ್ಟೀರಿಂಗಿನ ಪಕ್ಕದಲ್ಲಿ ಇದ್ದುದರಿಂದ ಮುಂದೆ ದೊಡ್ಡಪ್ಪನ ಜೊತೆ ಇನ್ನಿಬ್ಬರು ದೊಡ್ಡವರು, ತೊಡೆಯ ಮೇಲೆ ಇಬ್ಬರು ಹುಡುಗರು. ಹಿಂದೆ ನಾಲ್ವರು ಹೆಂಗಸರು, ಅವರ ಕಾಲಡಿಯಲ್ಲಿ ಅಕ್ಕಿ ಮೂಟೆಯ ಮೇಲೆ ನಾವು. ಹೆಡ್‌ಲೈಟು ಡಿಮ್ಮು ಮಾಡುವ ಗುಂಡಿ ನೆಲದ ಮೇಲೆ ಇತ್ತು, ಎಡಗಾಲಿನಿಂದ ಒತ್ತಬೇಕು. ಕಿಟಕಿಯ ಮುಂದೆ ಮೂರು ಮೂಲೆಯ ಪುಟ್ಟ ಗಾಜು; ಅದನ್ನು ಓರೆ ಮಾಡಿದರೆ ಗಾಳಿ ನೇರ ಮುಖಕ್ಕೆ. ಅದರ ಪಕ್ಕದ ಜಾಗಕ್ಕಾಗಿ ನಾನೂ ತಮ್ಮನೂ ಆಡಿದ ಜಗಳಕ್ಕೆ ಲೆಕ್ಕವಿಲ್ಲ. ಚಳಿಗಾಲದ ಬೆಳಗಿನಲ್ಲಿ ಅದು ಸುಲಭಕ್ಕೆ ಏಳುತ್ತಿರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಬೇಕು, ಅದಕ್ಕೂ ಬಗ್ಗದಿದ್ದರೆ ತಳ್ಳಬೇಕು. ತಳ್ಳಲು ಬೀದಿಯೇ ಬರುತ್ತಿತ್ತು. ಶಾಲೆಗೆ ಹೊರಟ ಹುಡುಗರು ಚೀಲ ಕೆಳಗಿಟ್ಟು ಕೈಹಚ್ಚುವರು, ಕಾರು ಹೊಗೆ ಉಗುಳಿ ಎದ್ದರೆ ಹೋ ಎಂದು ಕೂಗುವರು. ಬೀದಿಯವರೆಲ್ಲ ತಳ್ಳಿದ ಕಾರು ಬೀದಿಯವರೆಲ್ಲರ ಕಾರೇ ಆಗಿತ್ತು. ಊರಿನ ಅದೆಷ್ಟು ಮದುವೆಯ ಗಂಡುಗಳು ಅದರಲ್ಲಿ ಮೆರವಣಿಗೆ ಹೋದರೋ! ಅದಕ್ಕಿಂತ ಹೆಚ್ಚಾಗಿ, ನಡುರಾತ್ರಿ ಹೆರಿಗೆ ನೋವು ಎಂದು ಬಾಗಿಲು ಬಡಿದರೆ ದೊಡ್ಡಪ್ಪ ಪಂಚೆ ಸುತ್ತಿಕೊಂಡೇ ಹೊರಡುತ್ತಿದ್ದರು. ಚಾಮರಾಜನಗರ ಮುಟ್ಟುವ ಮೊದಲೇ ಅದರ ಹಿಂದಿನ ಸೀಟಿನಲ್ಲಿ ಹುಟ್ಟಿದ ಒಂದು ಕೂಸು ಈಗ ದೊಡ್ಡವಳಾಗಿ, ಮೇಷ್ಟ್ರಮ್ಮನಾಗಿದ್ದಾಳೆ.

ಒಂದೇ ಒಂದು ದೂರದ ಪ್ರಯಾಣ ನನಗೆ ಇಡಿಯಾಗಿ ನೆನಪಿದೆ. ಬಣ್ಣಾರಿ ಅಮ್ಮನಿಗೆ ಹರಕೆ. ಪುಣಜನೂರು ದಾಟಿ, ಕಾಡು ಹೊಕ್ಕು, ಹಾಸನೂರಿನ ಮೇಲೆ ದಿಂಬಂ ತಲುಪಿ, ಅಲ್ಲಿಂದ ಇಪ್ಪತ್ತೇಳು ತಿರುವು ಇಳಿಯಬೇಕು. ಇಳಿಯುವಾಗ ಅವ್ವನ ಕೈಯಲ್ಲಿ ನಿಂಬೆಹಣ್ಣು, ಅಜ್ಜಿಯ ಬಾಯಲ್ಲಿ ಮಾದಪ್ಪನ ಹೆಸರು. ವಾಪಸ್ಸು ಹತ್ತುವಾಗ ಹದಿನಾಲ್ಕನೆಯದೋ ಹದಿನೈದನೆಯದೋ ತಿರುವಿನಲ್ಲಿ ರೇಡಿಯೇಟರ್ ಕುದಿಯಿತು. ಬಾನೆಟ್ ಎತ್ತಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲರೂ ಇಳಿದು ಕಟ್ಟೆಯ ಮೇಲೆ ಕೂತೆವು. ಅವ್ವ ಬುತ್ತಿ ಬಿಚ್ಚಿದಳು. ಹುಳಿಯನ್ನ, ಹುರಿಗಾಳು. ಕೆಳಗೆ ಬಯಲು ಸೀಮೆ ನೆರಳು ಬಿಸಿಲಿನಲ್ಲಿ ಹಾಸಿಕೊಂಡಿತ್ತು. ತಮಿಳುನಾಡಿನ ಲಾರಿಯವನೊಬ್ಬ ನಿಲ್ಲಿಸಿ ಒಂದು ಕ್ಯಾನು ನೀರು ಕೊಟ್ಟ. ಅವನಿಗೂ ಮುತ್ತುಗದ ಎಲೆಯ ಮೇಲೆ ಅನ್ನ ಬಡಿಸಿದಳು ಅವ್ವ. ಕಾರು ತಣ್ಣಗಾಗಲು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಅಪ್ಪ ಮತ್ತು ದೊಡ್ಡಪ್ಪ ಕೂತು ನಗುತ್ತಾ ಮಾತಾಡಿದ್ದನ್ನು ನಾನು ನೋಡಿದೆ. ಮುಂದೆ ಆಸ್ತಿ ಪಾಲಾದ ಮೇಲೆ ಅವರಿಬ್ಬರನ್ನು ಹಾಗೆ ನೋಡಲಿಲ್ಲ. ಈಗಿನ ಕಾರು ಆ ತಿರುವುಗಳನ್ನು ನಿಲ್ಲದೆ ಹತ್ತುತ್ತದೆ. ಕೆಟ್ಟು ನಿಲ್ಲದ ಕಾರಿನಲ್ಲಿ ಅಂಥ ಒಂದು ಗಂಟೆ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಈ ನೆನಪು ಪೂರ್ತಿಯಾಗುವುದಿಲ್ಲ. ನಮ್ಮ ಜಗಲಿಯ ಬೆಂಚಿನ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ನಮ್ಮ ಗದ್ದೆ ಉಳುತ್ತಿದ್ದವರು ಅಂಗಳದಲ್ಲಿ ನಿಂತೇ ಮಾತಾಡುತ್ತಿದ್ದರು, ಮಳೆ ಬಂದರೂ ಸೂರಂಚಿನ ಆಚೆಗೇ. ಮಂಚ ಮಾಡಿಕೊಟ್ಟ ಆಚಾರ್ರು ಅದರ ಮೇಲೆ ಒಂದು ದಿನವೂ ಕೂತವರಲ್ಲ. ಅವ್ವ ಆ ಮನೆಯಲ್ಲಿ ಐವತ್ತು ವರ್ಷ ಬಾಳಿದಳು; ತಾತನ ಆರಾಮ ಕುರ್ಚಿಯಲ್ಲಿ, ಅವರು ತೀರಿಕೊಂಡ ಮೇಲೂ, ಕೂರಲಿಲ್ಲ. ಅವಳದು ಅಡುಗೆಮನೆಯ ಮಣೆ. ನಮ್ಮ ತಾಲ್ಲೂಕಿನ ಆಲೂರಿನ ದಲಿತ ಮುಖಂಡ ಬಿ. ರಾಚಯ್ಯನವರು 1990ರಲ್ಲಿ ಕೇರಳದ ರಾಜ್ಯಪಾಲರ ಕುರ್ಚಿಯಲ್ಲಿ ಕೂತರು. ಆ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರು, ಅಂಗಳದಲ್ಲಿ ನಿಂತಿದ್ದವರಿಗೂ ಕೇಳುವ ಹಾಗೆ. ಕೂತುಕೊಳ್ಳಿ ಎಂದು ಮಾತ್ರ ಯಾರೂ ಹೇಳಲಿಲ್ಲ. ನನಗೆ ಆಗ ಅದು ತಪ್ಪೆಂದು ಹೊಳೆಯಲಿಲ್ಲ, ಈಗ ನೆನೆದರೆ ತಲೆ ತಗ್ಗುತ್ತದೆ.

ಪ್ಲಾಸ್ಟಿಕ್ ಕುರ್ಚಿಯನ್ನು ನಾನು ಹೀಗಳೆಯದಿರುವುದು ಇದಕ್ಕೇ. ಅದಕ್ಕೆ ಅಂದವಿಲ್ಲ, ಆಯುಸ್ಸಿಲ್ಲ, ಬಿಸಿಲಿಗೆ ಬಿರಿಯುತ್ತದೆ. ಆದರೆ ಒಂದರ ಮೇಲೊಂದು ಪೇರಿಸಿಟ್ಟ ಆ ಕುರ್ಚಿಗಳಲ್ಲಿ ಇದು ಯಜಮಾನರದು, ಇದು ಆಳಿನದು ಎಂಬ ಭೇದವಿಲ್ಲ. ಬಂದವರು ಎಳೆದುಕೊಂಡು ಕೂರುತ್ತಾರೆ. ಅವ್ವ ತನ್ನ ಜೀವನದಲ್ಲಿ ಮೊದಲು ಬೆನ್ನು ಒರಗಿಸಿ ಕೂತದ್ದು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹಾಗಿದ್ದರೂ ನನ್ನನ್ನು ಕಾಡುವುದು ಬೇರೆ. ತೇಗದ ಬೆಂಚನ್ನು ಉಳಿಸಿಕೊಂಡೇ ಎಲ್ಲರನ್ನೂ ಅದರ ಮೇಲೆ ಕೂರಿಸಬಹುದಿತ್ತಲ್ಲ? ನಾವು ಬೆಂಚನ್ನೇ ಮಾರಿಕೊಂಡೆವು.

1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅಲ್ಲಿಯವರೆಗೆ ನಾವು ಮೈಸೂರು ಜಿಲ್ಲೆಯವರು. ಹೊಸ ಗಾಡಿಗಳಿಗೆ ಕೆಎ 10 ಎಂಬ ನಂಬರು ಬಂತು. ಊರಿಗೆ ಒಂದೊಂದಾಗಿ ಮಾರುತಿಗಳು ಬಂದವು. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿ 800ರ ಕೀಲಿ ಕೊಡಿಸಿದ ದಿನ ನಮಗೆ ಅದು ದೆಹಲಿಯ ಸುದ್ದಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ನಮ್ಮ ಬೀದಿಯಲ್ಲೇ ಮೂರು. ಹಗುರ, ಹತ್ತಿದರೆ ಓಡುತ್ತದೆ, ತಳ್ಳಲು ಯಾರನ್ನೂ ಕರೆಯಬೇಕಿಲ್ಲ. ನಾಲ್ಕು ಜನಕ್ಕೆ ಮಾಡಿದ ಕಾರು. ನಮ್ಮ ಮನೆಗಳೂ ಆ ಹೊತ್ತಿಗೆ ನಾಲ್ಕು ಜನದವಾಗಿದ್ದವು. 2014 ಎರಡಕ್ಕೂ ಕೊನೆಯ ವರ್ಷವಾಯಿತು. ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕೂಡ ನಿಂತಿತು. ದೊಡ್ಡಪ್ಪನ ಕಾರು ಅಷ್ಟರೊಳಗೆ ಹಿತ್ತಲಿನ ತೆಂಗಿನ ಬುಡದಲ್ಲಿ ಕೋಳಿಗೂಡಾಗಿತ್ತು. ದೊಡ್ಡಪ್ಪ ಸಂಜೆ ಅದರ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಗುಜರಿಯವರು ತೂಕಕ್ಕೆ ಕೊಂಡರು.

ಈಗ ನನ್ನ ಮಕ್ಕಳ ಕಾರಿನಲ್ಲಿ ಊರಿಗೆ ಹೋಗುತ್ತೇನೆ. ಗಾಜು ಏರಿಸಿ, ಏಸಿ ಹಾಕಿರುತ್ತಾರೆ. ಹುಣಸೆ ಮರಗಳು ಗಾಜಿನ ಆಚೆ ಸದ್ದಿಲ್ಲದೆ ಸರಿಯುತ್ತವೆ, ಗದ್ದೆಯ ಕೆಸರಿನ ವಾಸನೆ ಒಳಗೆ ಬರುವುದಿಲ್ಲ. ಮೊಮ್ಮಗ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಮೊಬೈಲು ನೋಡುತ್ತಾನೆ. ಅವನು ಸುರಕ್ಷಿತವಾಗಿದ್ದಾನೆ, ಅದು ನನಗೆ ನೆಮ್ಮದಿಯೇ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹಿಂದೆ ದೊಡ್ಡಪ್ಪನ ಕಾರು ಉಸಿರು ಬಿಡುತ್ತಾ ಗುಡಿಯ ಬಾಗಿಲವರೆಗೂ ಹತ್ತುತ್ತಿತ್ತು. ಈಗ ನಮ್ಮ ಗಾಡಿಗಳನ್ನು ತಪ್ಪಲಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಹೋಗಬೇಕು. ಆನೆ, ಕಡವೆಗಳ ದೃಷ್ಟಿಯಿಂದ ಅದೇ ಸರಿ. ಹೋದ ಸಲ ಆ ಬಸ್ಸಿನಲ್ಲಿ ಮೊಮ್ಮಗನಿಗೆ ಸೀಟು ಸಿಗದೆ ಯಾರೋ ಗೊತ್ತಿಲ್ಲದ ಅಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕಿಟಕಿ ತೆರೆದಿತ್ತು, ಮಂಜು ಒಳಗೆ ಬರುತ್ತಿತ್ತು. ಇಳಿದ ಮೇಲೆ ಅವನು, “ತಾತ, ಇನ್ನೊಂದ್ ಸಲ ಬಸ್ಸಲ್ಲಿ ಹೋಗೋಣ” ಎಂದ. ನನ್ನ ಕಣ್ಣು ತುಂಬಿತು.

ಮಂಚದ ಉಳಿದ ಭಾಗವನ್ನು ನಾನು ಮಾರಲಿಲ್ಲ. ಮೈಸೂರಿನ ಮನೆಗೆ ತಂದೆ. ತುಂಡಾದ ಪಟ್ಟಿಗೆ ತೇಗದ ಜೋಡಿ ಹಾಕಿಕೊಡಿ ಎಂದು ಮೂರು ಅಂಗಡಿ ಸುತ್ತಿದೆ. ಎರಡು ಕಡೆ, ಆ ದುಡ್ಡಿಗೆ ಹೊಸ ಮಂಚ ಬರುತ್ತದೆ ಸ್ವಾಮಿ ಎಂದರು. ಮೂರನೆಯ ಕಡೆ ವಯಸ್ಸಾದ ಒಬ್ಬರು ಬೆಣೆಯನ್ನು ಅಂಗೈಲಿಟ್ಟು ಬಹಳ ಹೊತ್ತು ನೋಡಿ, “ಇದನ್ನ ಕೆತ್ತಿದ ಕೈ ಚೆನ್ನಾಗಿತ್ತು” ಎಂದರು. ಹದಿನೈದು ದಿನದಲ್ಲಿ ಮಾಡಿಕೊಟ್ಟರು. ಹೊಸ ತುಂಡು ಬೆಳ್ಳಗಿದೆ, ಗಿಳಿಯ ಕೊಕ್ಕಿನ ಹಾಗೆ.

ಆ ಗೋಡೆಗಳನ್ನು ಈಗ ನಿಲ್ಲಿಸಲಾಗುವುದಿಲ್ಲ, ಆ ಕಾರನ್ನು ತರಲಾಗುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಹಳೆಯ ಮಂಚವೋ, ಪೆಟ್ಟಿಗೆಯೋ, ತೊಟ್ಟಿಲೋ ಇನ್ನೂ ಇದ್ದರೆ ಅದನ್ನು ಹೊರಗೆ ಸಾಗಿಸುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಇದರ ಬೆಣೆ ಎಲ್ಲಿದೆ, ಮಾಡಿದವರು ಯಾರು, ಇದರ ಮೇಲೆ ಯಾರು ಮಲಗಿದ್ದರು, ಯಾರು ಹುಟ್ಟಿದರು, ಯಾರು ಕೂರದೇ ಹೋದರು. ಅವರು ಇನ್ನೂ ಅಂಗಳದಲ್ಲಿ ಕೂತಿರುವಾಗಲೇ ಕೇಳಿ.